ಪಾಲು ಕೊಟ್ಟ ಕಾನೂನು, ಗಲ್ಲಾ ಕೊಡದ ಮನೆ

2020ರ ಸೆಪ್ಟೆಂಬರ್ 21ರಂದು ಚೆನ್ನೈನ ಮುರುಗಪ್ಪ ಸಮೂಹದ ಮೂಲ ಹೂಡಿಕೆ ಕಂಪನಿ ಅಂಬಾಡಿ ಇನ್ವೆಸ್ಟ್‌ಮೆಂಟ್ಸ್‌ನ ವಾರ್ಷಿಕ ಸಭೆಯಲ್ಲಿ ಒಂದು ಮತದಾನ ನಡೆಯಿತು. ವಳ್ಳಿ ಅರುಣಾಚಲಂ ಅವರನ್ನು ನಿರ್ದೇಶಕಿಯಾಗಿ ತೆಗೆದುಕೊಳ್ಳಬೇಕೇ ಬೇಡವೇ ಎಂಬುದಷ್ಟೇ ಪ್ರಶ್ನೆ. ಬಿದ್ದ ಮತಗಳಲ್ಲಿ ಶೇ. 91.36ರಷ್ಟು ‘ಬೇಡ’ ಎಂದವು. ವಳ್ಳಿ ಹೊರಗಿನವರೇನಲ್ಲ, ಸಮೂಹದ ಅಧ್ಯಕ್ಷರಾಗಿದ್ದ ಎಂ.ವಿ. ಮುರುಗಪ್ಪನ್ ಅವರ ಹಿರಿಯ ಮಗಳು. ಪರಮಾಣು ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದು ಅಮೆರಿಕದಲ್ಲಿ ನೆಲೆಸಿದವರು. 2017ರಲ್ಲಿ ತಂದೆ ತೀರಿಕೊಂಡ ಮೇಲೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳ ಕೈಯಲ್ಲಿ ಆ ಕಂಪನಿಯ ಶೇ. 8ಕ್ಕಿಂತ ತುಸು ಹೆಚ್ಚು ಷೇರು ಇತ್ತು. ಮಂಡಳಿಯಲ್ಲಿ ಒಂದು ಸ್ಥಾನ ಕೊಡಿ, ಆಗದಿದ್ದರೆ ನಮ್ಮ ಪಾಲನ್ನು ನ್ಯಾಯವಾದ ಬೆಲೆಗೆ ನೀವೇ ಕೊಂಡುಕೊಳ್ಳಿ ಎಂಬುದು ಅವರ ಕೇಳಿಕೆ. ಹೆಣ್ಣೆಂಬ ಕಾರಣಕ್ಕೇ ತಮಗೆ ಸ್ಥಾನ ತಪ್ಪುತ್ತಿದೆ ಎಂದು ಅವರು ಬಹಿರಂಗವಾಗಿಯೇ ದೂರಿದರು. ವ್ಯಾಜ್ಯ ಕಂಪನಿ ನ್ಯಾಯಮಂಡಳಿಯ ಬಾಗಿಲು ತಟ್ಟಿ, 2023ರ ಆಗಸ್ಟ್‌ನಲ್ಲಿ ಕುಟುಂಬದೊಳಗಿನ ಒಪ್ಪಂದದಲ್ಲಿ ಮುಗಿಯಿತು.

ಆ ಮತದಾನಕ್ಕೆ ಆರು ವಾರ ಮೊದಲು, ಅದೇ ವರ್ಷದ ಆಗಸ್ಟ್ 11ರಂದು, ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪು ಕೊಟ್ಟಿತ್ತು. ಅವಿಭಕ್ತ ಹಿಂದೂ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಪತ್ರಿಕೆಗಳು ಮುಖಪುಟದಲ್ಲಿ ಬರೆದವು, ನಾವೆಲ್ಲ ಸಂತೋಷಪಟ್ಟೆವು. ಆರು ವಾರದ ಬಳಿಕ ಚೆನ್ನೈನಲ್ಲಿ ನಡೆದದ್ದು ಆ ತೀರ್ಪಿಗೆ ವಿರುದ್ಧವಾದ ಕೆಲಸವೇನೂ ಆಗಿರಲಿಲ್ಲ. ವಳ್ಳಿಯವರ ಷೇರಿಗೆ ಯಾರೂ ಕೈಹಾಕಿರಲಿಲ್ಲ. ಪಾಲಿನ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಮಂಡಳಿಯ ಕುರ್ಚಿಯ ಬಗ್ಗೆ.

ಕುಟುಂಬದ ವ್ಯಾಪಾರದಲ್ಲಿ ಮಗಳ ಸ್ಥಾನ ಎಂಬ ಚರ್ಚೆ ನಮ್ಮಲ್ಲಿ ಹೆಚ್ಚಾಗಿ ಎಡವುವುದು ಇಲ್ಲೇ. ಆಸ್ತಿಹಕ್ಕು ಬಂದರೆ ಅಧಿಕಾರವೂ ಅದರ ಬೆನ್ನಿಗೇ ಬರುತ್ತದೆ ಎಂದು ನಂಬಿಕೊಂಡಿದ್ದೇವೆ. ಹೊಲಕ್ಕೆ ಅದು ಸ್ವಲ್ಪಮಟ್ಟಿಗೆ ಹೊಂದಬಹುದು. ನಾಲ್ಕು ಎಕರೆಯಲ್ಲಿ ಒಂದು ಎಕರೆ ಅಕ್ಕನ ಹೆಸರಿಗೆ ಖಾತೆಯಾದರೆ ಅದನ್ನು ಅವಳು ಉಳಬಹುದು, ಕೋರಿಗೆ ಕೊಡಬಹುದು, ಮಾರಬಹುದು. ಅಕ್ಕಿ ಗಿರಣಿಯ ನಾಲ್ಕನೇ ಒಂದು ಭಾಗವನ್ನು ಏನು ಮಾಡುವುದು? ಅದು ನಡೆಯುತ್ತಿದ್ದರಷ್ಟೇ ಬೆಲೆ. ನಡೆಸುವವರ ಕೈಯಲ್ಲಿ ಚೆಕ್ ಪುಸ್ತಕ, ಬ್ಯಾಂಕಿನ ಓವರ್‌ಡ್ರಾಫ್ಟು, ಭತ್ತ ಹಾಕುವ ರೈತರ ಪರಿಚಯ, ಹಮಾಲರ ಮೇಸ್ತ್ರಿಯ ಫೋನ್ ನಂಬರು ಎಲ್ಲ ಇರುತ್ತವೆ. ಪಾಲು ಮಾತ್ರ ಇರುವವರ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಹುಟ್ಟಿನಿಂದ ಹಕ್ಕು ಎಂಬ ಕಲ್ಪನೆ ಹೊರಟದ್ದೇ ನಮ್ಮ ನೆಲದಿಂದ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಬಂಗಾಳದ ಕಡೆ ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ಒಂಬೈನೂರು ವರ್ಷ ಅದರ ನೆರಳಲ್ಲೇ ನಡೆಯಿತು. ಮಗ, ಮೊಮ್ಮಗ, ಮರಿಮಗ ಹುಟ್ಟುತ್ತಲೇ ಪಿತ್ರಾರ್ಜಿತದಲ್ಲಿ ದಾಯಾದಿಗಳು. ಮಗಳು ಆ ಸಾಲಿನಲ್ಲಿರಲಿಲ್ಲ. ವಿಜ್ಞಾನೇಶ್ವರನನ್ನು ಬಯ್ಯಲು ಇಷ್ಟು ಸಾಕು ಎನ್ನುವವರು ಇನ್ನೊಂದು ಸಂಗತಿಯನ್ನೂ ನೋಡಬೇಕು. ಸ್ತ್ರೀಧನ ಎಂದರೆ ಮದುವೆಯ ಒಡವೆ, ಉಡುಗೊರೆ ಮಾತ್ರವಲ್ಲ. ಉತ್ತರಾಧಿಕಾರದಿಂದ, ಕ್ರಯದಿಂದ, ವಿಭಾಗದಿಂದ ಹೆಣ್ಣಿಗೆ ಬಂದದ್ದೂ ಸ್ತ್ರೀಧನವೇ ಎಂದು ವಿಸ್ತರಿಸಿ ಬರೆದವನೂ ಆತನೇ. ಆ ವಿಸ್ತಾರವನ್ನು ಕತ್ತರಿಸಿದ್ದು ಬಹುಮಟ್ಟಿಗೆ ಬ್ರಿಟಿಷರ ಕಾಲದ ಪ್ರಿವಿ ಕೌನ್ಸಿಲ್. ಗಂಡನಿಂದ ಉತ್ತರಾಧಿಕಾರವಾಗಿ ಬಂದ ಆಸ್ತಿ ಸ್ತ್ರೀಧನವಲ್ಲ ಎಂದು ಅದು ಹತ್ತೊಂಬತ್ತನೇ ಶತಮಾನದಲ್ಲಿ ತೀರ್ಮಾನಿಸಿತು. ನಮ್ಮ ಹಳೆಯದೆಲ್ಲ ಕತ್ತಲೆ, ಹೊಸದೆಲ್ಲ ಬೆಳಕು ಎಂಬ ಲೆಕ್ಕ ಇಲ್ಲಿ ಸರಿಹೋಗುವುದಿಲ್ಲ.

ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದು, ವಿಭಾಗದ ವೇಳೆ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದು ಭಾಗ ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನ ಸಮನಾದ ಪಾಲು ಕೊಟ್ಟಿತು, ಪಿತ್ರಾರ್ಜಿತವನ್ನು ಮುಟ್ಟಲಿಲ್ಲ. ಕರ್ನಾಟಕ 1994ರ ಜುಲೈ 30ರಿಂದ ಆ ಬಾಗಿಲನ್ನೂ ತೆರೆಯಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಅದರ ಫಲವಾಗಿ ಆ ವರ್ಷದ ವೈಶಾಖದಲ್ಲಿ ಧಾರೆಯಾದ ಅಕ್ಕನಿಗೆ ಏನೂ ಇಲ್ಲ, ಕಾರ್ತಿಕದಲ್ಲಿ ಧಾರೆಯಾದ ತಂಗಿಗೆ ಅಣ್ಣನಷ್ಟೇ ಪಾಲು. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶಕ್ಕೆ ಅನ್ವಯಿಸಿದ ಕೇಂದ್ರ ತಿದ್ದುಪಡಿ ಈ ತಾರತಮ್ಯವನ್ನು ತೆಗೆಯಿತು. ಆಮೇಲೆ ಅದು ಯಾವ ಮಗಳಿಗೆ ಅನ್ವಯ, ಯಾವ ಮಗಳಿಗಲ್ಲ ಎಂಬ ಜಗ್ಗಾಟ ಹದಿನೈದು ವರ್ಷ ನಡೆಯಿತು. ಆ ಜಗ್ಗಾಟದ ಎರಡು ಮುಖ್ಯ ಪ್ರಕರಣಗಳು, ಫೂಲವತಿಯವರದೂ ದಾನಮ್ಮನವರದೂ, ನಮ್ಮ ಉತ್ತರ ಕರ್ನಾಟಕದಿಂದಲೇ ದೆಹಲಿಗೆ ಹೋದವು. 2020ರ ತೀರ್ಪು ಅದಕ್ಕೆ ತೆರೆ ಎಳೆಯಿತು.

ಇಷ್ಟೆಲ್ಲ ಆದ ಮೇಲೂ ವ್ಯಾಪಾರದ ಒಳಗೆ ಮಗಳು ಕಾಲಿಡುವುದು ಏಕೆ ಕಷ್ಟ ಎಂದರೆ, ವ್ಯಾಪಾರ ಯಾವ ರೂಪದಲ್ಲಿದೆ ಎಂಬುದರ ಮೇಲೆ ಉತ್ತರ ನಿಂತಿದೆ. ಅಪ್ಪನ ಅಂಗಡಿ ಅವಿಭಕ್ತ ಕುಟುಂಬದ ಹೆಸರಿನಲ್ಲಿದ್ದರೆ ಮಗಳು ಹುಟ್ಟಿನಿಂದ ದಾಯಾದಿ, ಸರಿ. ಆದರೆ ಅಂಗಡಿ ನಡೆಸುವವನು ಕರ್ತ. ಹಿರಿಯ ಮಗಳು ಕರ್ತಳಾಗಬಹುದೇ? ಆಗಬಹುದು ಎಂದು ದೆಹಲಿ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಸುಜಾತಾ ಶರ್ಮಾ ಪ್ರಕರಣದಲ್ಲಿ ಹೇಳಿತು, 2023ರ ಡಿಸೆಂಬರ್‌ನಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ಅದನ್ನು ಎತ್ತಿಹಿಡಿಯಿತು. ಹಿರಿತನವೇ ಅಳತೆಯಾದರೆ ಅಕ್ಕ ತಮ್ಮನಿಗಿಂತ ಮುಂದೆ. ಈ ಮಾತು ನಮ್ಮ ಎಷ್ಟು ಮನೆಗಳಿಗೆ ತಲುಪಿದೆಯೋ!

ನಮ್ಮ ಊರುಗಳ ದಲಾಲಿ ಮಂಡಿ, ಬಟ್ಟೆ ಅಂಗಡಿ, ಚಿನ್ನಾಭರಣದ ಅಂಗಡಿಗಳಲ್ಲಿ ಹೆಚ್ಚಿನವು ಪಾಲುದಾರಿಕೆ ಸಂಸ್ಥೆಗಳು. ಇಲ್ಲಿ 1932ರ ಪಾಲುದಾರಿಕೆ ಕಾಯ್ದೆಯ ಆಟ. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುದಾರ ಸತ್ತ ಕ್ಷಣ ಸಂಸ್ಥೆ ವಿಸರ್ಜನೆಯಾಗುತ್ತದೆ. ಹಾಗಾಗಬಾರದೆಂದು ಪಾಲುದಾರಿಕೆ ಪತ್ರದಲ್ಲಿ ಒಂದು ಸಾಲು ಬರೆಯಿಸಿರುತ್ತಾರೆ: ಪಾಲುದಾರ ತೀರಿಕೊಂಡರೆ ಉಳಿದವರು ಸಂಸ್ಥೆ ಮುಂದುವರಿಸತಕ್ಕದ್ದು, ಅವನ ಬದಲು ಇಂಥವನನ್ನು ಸೇರಿಸಿಕೊಳ್ಳತಕ್ಕದ್ದು. ಆ ‘ಇಂಥವನು’ ಯಾರು ಎಂಬುದೇ ಉತ್ತರಾಧಿಕಾರದ ನಿಜವಾದ ಕೀಲಿ. ಅಲ್ಲಿ ಮಗನ ಹೆಸರಿದ್ದು ಮಗಳ ಹೆಸರಿಲ್ಲದಿದ್ದರೆ, ಉತ್ತರಾಧಿಕಾರ ಕಾಯ್ದೆ ಎಷ್ಟೇ ಸಮಾನವಾಗಿರಲಿ, ಆಕೆ ಪಾಲುದಾರಳಾಗುವುದಿಲ್ಲ. ಅಪ್ಪನ ಬಂಡವಾಳದಲ್ಲಿ ತನಗೆ ಬರುವ ಹಣದ ಲೆಕ್ಕ ಕೇಳಬಲ್ಲ ವಾರಸುದಾರಳಾಗುತ್ತಾಳೆ, ಅಷ್ಟೆ. ಲೆಕ್ಕ ತೀರಿಸದೆ ಅಣ್ಣಂದಿರು ವ್ಯಾಪಾರ ಮುಂದುವರಿಸಿದರೆ, ಆ ಬಂಡವಾಳ ದುಡಿದ ಲಾಭದ ಪಾಲನ್ನಾದರೂ ಶೇ. 6ರ ಬಡ್ಡಿಯನ್ನಾದರೂ ಕೇಳುವ ಆಯ್ಕೆ ವಾರಸುದಾರರದು ಎಂದು ಅದೇ ಕಾಯ್ದೆಯ 37ನೇ ಕಲಂ ಹೇಳುತ್ತದೆ. ಕೇಳಿದವರು ಎಷ್ಟು ಮಂದಿ? ಇನ್ನೊಂದು ಅವಕಾಶವೂ ಈ ಕಾಯ್ದೆಯಲ್ಲಿದೆ. ಅಪ್ರಾಪ್ತ ವಯಸ್ಸಿನ ಮಕ್ಕಳನ್ನು ಲಾಭಕ್ಕೆ ಮಾತ್ರ ಸೇರಿಸಿಕೊಳ್ಳಬಹುದು. ಹೈಸ್ಕೂಲಿನಲ್ಲಿರುವ ಮಗನ ಹೆಸರು ಹೀಗೆ ಪತ್ರದೊಳಗೆ ನುಸುಳುತ್ತದೆ. ಅವನಿಗಿಂತ ಎರಡು ವರ್ಷ ದೊಡ್ಡವಳಾದ ಅಕ್ಕನ ಹೆಸರು ಅದೇ ಹೊತ್ತಿಗೆ ಜಾತಕದ ಪಟ್ಟಿಯಲ್ಲಿರುತ್ತದೆ.

ಪ್ರೈವೇಟ್ ಲಿಮಿಟೆಡ್ ಕಂಪನಿಯಾದರೆ ಚಿತ್ರ ಇನ್ನೂ ಸ್ಪಷ್ಟ. ಷೇರು ವಾರಸುದಾರರಿಗೆ ಹೋಗುತ್ತದೆ, ನಾಮಿನಿ ಎಂದು ಬರೆದಿಟ್ಟವರಿಗಲ್ಲ. ನಾಮಿನಿಯು ವಾರಸುದಾರರ ಹಕ್ಕನ್ನು ನುಂಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್ 14ರಂದು ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಖಚಿತಪಡಿಸಿತು. ‘ಕಾಲನಿರ್ಣಯ’ ಪಂಚಾಂಗದ ಜಯಂತ ಸಾಳಗಾಂವಕರರ ಕುಟುಂಬದ ವ್ಯಾಜ್ಯ ಅದು. ಆದರೆ ನಿರ್ದೇಶಕರನ್ನು ಆರಿಸುವುದು ಬಹುಮತ. ನಾಲ್ವರು ಮಕ್ಕಳಲ್ಲಿ ಮೂವರು ಗಂಡುಮಕ್ಕಳು ಒಟ್ಟಾದರೆ ಕಾಲು ಭಾಗದ ಒಡತಿಗೆ ಮಂಡಳಿಯಲ್ಲಿ ಕುರ್ಚಿ ಇಲ್ಲ. ಅಲ್ಪಮತದವರ ಮೇಲೆ ದಬ್ಬಾಳಿಕೆಯಾಗಿದೆ ಎಂದು ನ್ಯಾಯಮಂಡಳಿಗೆ ಹೋಗಲು ಶೇ. 10ರಷ್ಟು ಷೇರು ಬೇಕು, ಇಲ್ಲವೇ ಸದಸ್ಯರ ಸಂಖ್ಯೆಯಲ್ಲಿ ಹತ್ತನೇ ಒಂದು ಭಾಗ ಬೇಕು. ಎರಡೂ ಇಲ್ಲದವರು ಮೊದಲು ವಿನಾಯಿತಿ ಕೇಳಬೇಕು. ಮೂರು ತಲೆಮಾರು ಕವಲೊಡೆದ ಕುಟುಂಬದಲ್ಲಿ ಒಬ್ಬ ಮಗಳ ಪಾಲು ಹತ್ತಕ್ಕಿಂತ ಕೆಳಗಿಳಿಯುವುದು ಸಹಜ.

ಇಷ್ಟು ದೂರ ಹೋಗುವ ಪ್ರಸಂಗವೇ ಅಪರೂಪ ಅನ್ನಿ. ಬಹುಪಾಲು ಕಥೆಗಳು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೇ ಮುಗಿಯುತ್ತವೆ. ಅಪ್ಪನ ತಿಥಿ ಕಳೆದು ಕೆಲವು ತಿಂಗಳಿಗೆ ಅಣ್ಣ ಫೋನ್ ಮಾಡುತ್ತಾನೆ: ‘ಬ್ಯಾಂಕಿನವರು ಕೇಳ್ತಿದಾರೆ ಕಣೆ, ಒಂದು ಸಹಿ ಬೇಕು, ಸೋಮವಾರ ಬಂದು ಹೋಗು.’ ಅಕ್ಕತಂಗಿಯರು ಬರುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ, ಹೋಟೆಲಿನಲ್ಲಿ ಊಟ, ಒಂದೊಂದು ಸೀರೆ. ಅರಿಶಿನ ಕುಂಕುಮಕ್ಕೆಂದು ಹಿಂದೆ ಕೊಟ್ಟ ನಿವೇಶನವನ್ನೋ ಮದುವೆಯ ಖರ್ಚನ್ನೋ ಪತ್ರದಲ್ಲಿ ಕಾಣಿಸಿ, ಅದೇ ನಿಮ್ಮ ಭಾಗ ಎಂದು ಬರೆದಿರುತ್ತದೆ. ಸಹಿ ಹಾಕಿದವರೆಲ್ಲ ಮೋಸಹೋದವರು ಎಂದು ನಾನು ಹೇಳಲಾರೆ. ಅನೇಕರು ತಿಳಿದೇ ಹಾಕುತ್ತಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ನಾಳೆ ಗಂಡನ ಮನೆಯಲ್ಲಿ ಏನಾದರೂ ಆದರೆ ಬಂದು ನಿಲ್ಲಲು ಜಾಗವಿರುವುದಿಲ್ಲ ಎಂಬ ಲೆಕ್ಕ ಅವರದು. ಆ ಲೆಕ್ಕ ತಪ್ಪೆಂದು ಹೇಳಲು, ಅದನ್ನು ತಪ್ಪಾಗಿಸುವ ವ್ಯವಸ್ಥೆ ನಮ್ಮಲ್ಲಿ ಇನ್ನೂ ಇಲ್ಲ. ಆದರೆ ನೂರು ಚೀಲ ಅಡಿಕೆಯ ದಾಸ್ತಾನು, ವಸೂಲಿಯಾಗಬೇಕಾದ ಉದ್ರಿ, ಪೇಟೆಯಲ್ಲಿ ಸಂಸ್ಥೆಯ ಹೆಸರಿಗಿರುವ ಬೆಲೆ, ಇವುಗಳನ್ನು ಎಣಿಸದೆಯೇ ಸಹಿ ಬೀಳುತ್ತದೆ ಎಂಬುದು ಮಾತ್ರ ನಿಜ. ಹೊಲದ ಗುಂಟೆ ಲೆಕ್ಕ ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಅಂಗಡಿಯ ಲೆಕ್ಕ ಅವರಿಗೆ ಯಾರೂ ತೋರಿಸಿರುವುದಿಲ್ಲ.

ಹಾಗಾದರೆ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಹೆಣ್ಣುಮಕ್ಕಳು ಅಧಿಕಾರದಲ್ಲಿಲ್ಲವೇ ಎಂದು ಕೇಳಬಹುದು. ಇದ್ದಾರೆ, ಚೆನ್ನಾಗಿಯೇ ನಡೆಸುತ್ತಿದ್ದಾರೆ. ಅಪೋಲೊ ಆಸ್ಪತ್ರೆಗಳನ್ನು ಪ್ರತಾಪ್ ಸಿ. ರೆಡ್ಡಿ ಅವರ ನಾಲ್ವರು ಹೆಣ್ಣುಮಕ್ಕಳು ನೋಡಿಕೊಳ್ಳುತ್ತಾರೆ. ಶಿವ ನಾಡಾರ್ ಅವರ ಮಗಳು ರೋಶನಿ 2020ರಲ್ಲಿ ಎಚ್‌ಸಿಎಲ್ ಟೆಕ್ನಾಲಜೀಸ್‌ನ ಅಧ್ಯಕ್ಷೆಯಾದರು. 1986ರಲ್ಲಿ ಟಾಫೆ ಟ್ರ್ಯಾಕ್ಟರ್ ಕಂಪನಿ ಸೇರಿದ ಮಲ್ಲಿಕಾ ಶ್ರೀನಿವಾಸನ್ ಅದನ್ನು ದೇಶದ ಮುಂಚೂಣಿಯ ಟ್ರ್ಯಾಕ್ಟರ್ ತಯಾರಕರ ಸಾಲಿಗೆ ತಂದರು. ನಮ್ಮ ಬೆಳಗಾವಿಯಲ್ಲಿ 1888ರಲ್ಲಿ ಸೈಕಲ್ ಅಂಗಡಿಯಾಗಿ ಹುಟ್ಟಿದ ಕಿರ್ಲೋಸ್ಕರ್ ಮನೆತನದಲ್ಲಿ, 2022ರ ನವೆಂಬರ್‌ನಲ್ಲಿ ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡ ಮೇಲೆ ಮಗಳು ಮಾನಸಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್‌ನ ಉಪಾಧ್ಯಕ್ಷೆಯಾದರು. ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ರೋಶನಿ ಒಬ್ಬಳೇ ಮಗಳು, ಮಾನಸಿಯೂ ಒಬ್ಬಳೇ ಮಗಳು, ಮಲ್ಲಿಕಾ ಅವರಿಗೆ ಇದ್ದದ್ದು ತಂಗಿ, ಅಪೋಲೊ ಮನೆಯಲ್ಲಿ ನಾಲ್ವರೂ ಹೆಣ್ಣುಮಕ್ಕಳು. ಇವರ ಸಾಮರ್ಥ್ಯಕ್ಕೆ ಇದರಿಂದ ಕುಂದಿಲ್ಲ. ಅವಕಾಶದ ಬಾಗಿಲು ತೆರೆದದ್ದು ಎಲ್ಲಿ ಎಂಬುದನ್ನು ಮಾತ್ರ ಇದು ಹೇಳುತ್ತದೆ: ಅಣ್ಣತಮ್ಮಂದಿರಿಲ್ಲದ ಮನೆಯಲ್ಲಿ.

ಗಂಡುಮಕ್ಕಳಿಲ್ಲದ ಮನೆಗೂ ಹಿಂದೆ ಮಗಳು ಮೊದಲ ಉತ್ತರವಾಗಿರಲಿಲ್ಲ. ದತ್ತು ತೆಗೆದುಕೊಳ್ಳುತ್ತಿದ್ದರು, ಇಲ್ಲವೇ ಮನೆ ಅಳಿಯನನ್ನು ತರುತ್ತಿದ್ದರು. ಆಂಧ್ರದ ರೆಡ್ಡಿ, ಕಮ್ಮ ಕುಟುಂಬಗಳಲ್ಲಿ ‘ಇಲ್ಲಟಂ’ ಅಳಿಯನಿಗೆ ಮಾವನ ಆಸ್ತಿಯಲ್ಲಿ ಮಗನಂತೆ ಹಕ್ಕು ಕೊಡುವ ರೂಢಿಯನ್ನು ನ್ಯಾಯಾಲಯಗಳೂ ಒಪ್ಪಿದ್ದವು. ಜಪಾನಿನಲ್ಲಿ ಇದನ್ನು ಒಂದು ಕಲೆಯನ್ನಾಗಿಯೇ ಬೆಳೆಸಿದರು. ಮಾರುತಿಯ ಮೂಲಕ ನಮಗೆ ಪರಿಚಿತರಾದ ಒಸಾಮು ಸುಜುಕಿ ಹುಟ್ಟಿನಿಂದ ಸುಜುಕಿಯಲ್ಲ, ಆ ಮನೆಗೆ ದತ್ತುಹೋದ ಅಳಿಯ. ಇಲ್ಲೆಲ್ಲ ಮಗಳು ಆಸ್ತಿ ದಾಟುವ ಸೇತುವೆ. ಸೇತುವೆಯ ಮೇಲೆ ನಡೆದು ಹೋಗುವವನು ಬೇರೆ.

ತುಳುನಾಡಿನ ಅಳಿಯಸಂತಾನದ ಉದಾಹರಣೆ ಇದಕ್ಕಿಂತ ರೋಚಕ. ಅಲ್ಲಿ ವಂಶವೇ ಹೆಣ್ಣಿನ ಕಡೆಯಿಂದ, ಕುಟುಂಬದ ಕವರು, ಅಂದರೆ ಶಾಖೆ, ಎಣಿಸುವುದು ತಾಯಿಯಿಂದ. ಕುಟುಂಬದ ಹಿರಿಯ ಹೆಂಗಸು ಎಜಮಾಂತಿಯಾಗಿ ಆಡಳಿತ ನಡೆಸಬಹುದೆಂದು ರೂಢಿಯ ಕಾನೂನೇ ಒಪ್ಪಿತ್ತು. ಹಾಗಿದ್ದೂ ದಿನದ ವಹಿವಾಟು ಹೆಚ್ಚಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಹೆಣ್ಣಿನ ಮೂಲಕ ಆಸ್ತಿ ಹರಿಯುವುದಕ್ಕೂ ಹೆಣ್ಣು ಆಸ್ತಿಯನ್ನು ನಡೆಸುವುದಕ್ಕೂ ಎಷ್ಟು ಅಂತರ ಎಂಬುದಕ್ಕೆ ನಮ್ಮ ಕರಾವಳಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಇನ್ನು ಮುಸ್ಲಿಂ ಕುಟುಂಬಗಳಲ್ಲಿ ಮಗಳಿಗೆ ಮಗನ ಅರ್ಧ, ಕ್ರೈಸ್ತರಲ್ಲಿ ಸಮಪಾಲು. ಕಾನೂನು ಬೇರೆ ಬೇರೆ, ಗಲ್ಲಾದ ಮೇಲೆ ಕೂರುವವರನ್ನು ಆರಿಸುವ ರೀತಿ ಮಾತ್ರ ಎಲ್ಲ ಕಡೆ ಒಂದೇ.

ಅಣ್ಣತಮ್ಮಂದಿರಿದ್ದೂ ಮಗಳು ಮುಂದೆ ಬಂದ ಮನೆಗಳು ನನಗೆ ಹೆಚ್ಚು ಮುಖ್ಯ. ಬೆಂಗಳೂರಿನವರಿಗೆಲ್ಲ ಗೊತ್ತಿರುವ ಮಾವಳ್ಳಿ ಟಿಫಿನ್ ರೂಮನ್ನೇ ನೋಡಿ. 1924ರಲ್ಲಿ ಹುಟ್ಟಿದ ಎಂಟಿಆರ್ ಹೋಟೆಲನ್ನು, 1999ರಲ್ಲಿ ತಂದೆ ಹರಿಶ್ಚಂದ್ರ ಮಯ್ಯ ತೀರಿಕೊಂಡ ಮೇಲೆ ವಹಿಸಿಕೊಂಡವರು ಹೇಮಮಾಲಿನಿ ಮಯ್ಯ. ತಮ್ಮಂದಿರು ವಿಕ್ರಮ್, ಅರವಿಂದ್ ಜೊತೆಗಿದ್ದರು, ಇದ್ದಾರೆ. ಉಡುಪಿ ಕಡೆಯ ಬ್ರಾಹ್ಮಣರ ಹೋಟೆಲು ಎಂದರೆ ಭಟ್ಟರಿಂದ ಮಾಣಿಯವರೆಗೆ ಪೂರಾ ಗಂಡಸರ ಲೋಕ. ಮನೆಯಲ್ಲಿ ಅಡುಗೆ ಹೆಂಗಸಿನದು, ಅದೇ ಅಡುಗೆ ದುಡ್ಡು ತರತೊಡಗಿದರೆ ಗಂಡಸಿನದು. ಅಂಥ ಕಡೆ ಒಬ್ಬ ಹೆಣ್ಣುಮಗಳು ಬಂದು, ಲಾಲ್‌ಬಾಗ್ ರಸ್ತೆಯ ಒಂದು ಹೋಟೆಲನ್ನು ಊರಿನ ಹಲವು ಕಡೆಗೂ ಸಿಂಗಪುರ, ಲಂಡನ್ನಿಗೂ ಒಯ್ದ ಕಥೆ ನಮ್ಮ ಮ್ಯಾನೇಜ್‌ಮೆಂಟ್ ಪಾಠಗಳಲ್ಲಿ ಇರಬೇಕಾದದ್ದು.

ಟಿವಿಎಸ್ ಮನೆತನದ ಕಥೆಯೂ ಹೇಳಬೇಕಾದದ್ದೇ. 1911ರಲ್ಲಿ ಮದುರೆಯಲ್ಲಿ ಶುರುವಾದ ಸಂಸ್ಥೆಯ ಪೂರ್ತಿ ಹೆಸರು ಟಿ.ವಿ. ಸುಂದರಂ ಅಯ್ಯಂಗಾರ್ ಅಂಡ್ ಸನ್ಸ್. ಗಂಡುಮಕ್ಕಳು ಬಸ್ಸು, ಬಿಡಿಭಾಗ, ಕಾರ್ಖಾನೆ ಬೆಳೆಸಿದರು. ಅದೇ ಮನೆಯ ಮಗಳು ಸೌಂದರಂ, ಎಳೆಯ ವಯಸ್ಸಿನಲ್ಲೇ ವಿಧವೆಯಾಗಿ, ವೈದ್ಯೆಯಾಗಿ, ಮರುಮದುವೆಯಾಗಿ, 1947ರಲ್ಲಿ ದಿಂಡಿಗಲ್ ಬಳಿ ಗಾಂಧಿಗ್ರಾಮ ಕಟ್ಟಿದರು. ಮುಂದೆ ಸಂಸದೆಯೂ ಕೇಂದ್ರದಲ್ಲಿ ಉಪಮಂತ್ರಿಯೂ ಆದರು. ಬರಿಗೈಯಿಂದ ಅಷ್ಟು ದೊಡ್ಡ ಸಂಸ್ಥೆ ಕಟ್ಟಬಲ್ಲವರಿಗೆ ಬಸ್ ಕಂಪನಿ ನಡೆಸುವುದು ಕಷ್ಟವಾಗುತ್ತಿತ್ತೇ? ಸುಂದರಂ ಅಯ್ಯಂಗಾರರ ಮರಿಮಗಳು ಲಕ್ಷ್ಮೀ ವೇಣು ಇಂದು ಸುಂದರಂ ಕ್ಲೇಟನ್ ನಡೆಸುತ್ತಾರೆ. ತಮ್ಮ ಸುದರ್ಶನ್ ಟಿವಿಎಸ್ ಮೋಟಾರ್ ನೋಡಿಕೊಳ್ಳುತ್ತಾರೆ. ಮನೆಮನೆಗೆ ಗೊತ್ತಿರುವ ಸ್ಕೂಟರ್ ಕಂಪನಿ ತಮ್ಮನಿಗೆ, ಎರಕದ ಬಿಡಿಭಾಗಗಳ ಕಂಪನಿ ಅಕ್ಕನಿಗೆ ಎಂದು ಕೊಂಕು ತೆಗೆಯುವವರು ತೆಗೆಯಲಿ. ಮೂರು ತಲೆಮಾರಿನಲ್ಲಿ ಇಷ್ಟು ದೂರ ಬಂದದ್ದೂ ಸಣ್ಣದಲ್ಲ.

ರಿಲಯನ್ಸ್‌ನಲ್ಲಿ ಈ ಅಂತರ ಒಂದೇ ತಲೆಮಾರಿನಲ್ಲಿ ಕಾಣುತ್ತದೆ. 2002ರ ಜುಲೈನಲ್ಲಿ ಧೀರೂಭಾಯಿ ಅಂಬಾನಿ ಉಯಿಲು ಬರೆಯದೆ ತೀರಿಕೊಂಡರು. ಅವರಿಗೆ ಮಕ್ಕಳು ನಾಲ್ವರು: ಮುಕೇಶ್, ಅನಿಲ್, ನೀನಾ, ದೀಪ್ತಿ. ಉಯಿಲಿಲ್ಲದ ಸ್ವಯಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕಾನೂನಿಗೆ ಆಗಲೇ ನಲವತ್ತಾರು ವರ್ಷ. ಆದರೂ ದೇಶವೆಲ್ಲ ಕಣ್ಣರಳಿಸಿ ನೋಡಿದ ಅಣ್ಣತಮ್ಮಂದಿರ ಜಗಳದ ಸುದ್ದಿಯಲ್ಲಿ ಇದ್ದದ್ದು ಇಬ್ಬರೇ. 2005ರ ಜೂನ್‌ನಲ್ಲಿ ತಾಯಿ ಕೋಕಿಲಾಬೆನ್ ಇಬ್ಬರಿಗೂ ಹಂಚಿಕೊಟ್ಟರು. ಮೂರು ತಿಂಗಳೊಳಗೆ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. 2023ರಲ್ಲಿ ಮುಕೇಶ್ ತಮ್ಮ ಮೂವರು ಮಕ್ಕಳನ್ನೂ ಒಟ್ಟಿಗೆ ಮಂಡಳಿಗೆ ತಂದಾಗ ಮಗಳು ಇಶಾ ಸಹೋದರರ ಸಮಕ್ಕೆ ಕೂತರು, ಚಿಲ್ಲರೆ ವ್ಯಾಪಾರ ಆಕೆಯ ಪಾಲಿಗೆ ಬಂತು. ಕಾನೂನಿನ ಬಲವಂತದಿಂದ ಇದು ನಡೆಯಲಿಲ್ಲ. ಅಣ್ಣತಮ್ಮಂದಿರ ಜಗಳ ಏನು ಮಾಡಬಲ್ಲದೆಂದು ಕಂಡಿದ್ದ ತಂದೆ, ತಾನು ಗಟ್ಟಿಯಾಗಿರುವಾಗಲೇ ಮೂವರಿಗೂ ಬೇರೆ ಬೇರೆ ಹೊಣೆ ಕೊಟ್ಟ ಎಂದು ನಾನು ಓದಿಕೊಳ್ಳುತ್ತೇನೆ.

ಕಾನೂನು ಬಲವಂತ ಮಾಡಿದಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇವೆ. 2013ರ ಕಂಪನಿ ಕಾಯ್ದೆ, ಷೇರುಪೇಟೆಯಲ್ಲಿರುವ ಕಂಪನಿಗಳ ಮಂಡಳಿಯಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಬೇಕೆಂದಿತು. ಸೆಬಿ ಕೊಟ್ಟ ಗಡುವು 2015ರ ಏಪ್ರಿಲ್ 1. ಗಡುವು ಹತ್ತಿರವಾದಂತೆ ಹಲವು ಮಾಲೀಕರಿಗೆ ತಮ್ಮ ಹೆಂಡತಿ, ಸೊಸೆ, ಅತ್ತಿಗೆಯರ ವ್ಯವಹಾರಜ್ಞಾನ ಹಠಾತ್ತನೆ ಕಾಣಿಸಿತು. ಕೊನೆಗೆ ಮಹಿಳೆ ‘ಸ್ವತಂತ್ರ’ ನಿರ್ದೇಶಕಿಯೇ ಆಗಿರಬೇಕೆಂದು ಸೆಬಿ ಮೊದಲ 500 ಕಂಪನಿಗಳಿಗೆ 2019ರಿಂದ, ಮೊದಲ 1000 ಕಂಪನಿಗಳಿಗೆ 2020ರಿಂದ ವಿಧಿಸಬೇಕಾಯಿತು. ಸಣ್ಣ ಪ್ರಮಾಣದಲ್ಲೂ ಇದೇ ಆಟ. ಕೇಂದ್ರದ ಇಲಾಖೆಗಳು ಶೇ. 3ರಷ್ಟು ಖರೀದಿಯನ್ನು ಮಹಿಳಾ ಒಡೆತನದ ಸಣ್ಣ ಉದ್ದಿಮೆಗಳಿಂದ ಮಾಡಬೇಕೆಂದಾದ ಮೇಲೆ, ಶೆಡ್ಡಿನ ಹೊರಗಿನ ಬೋರ್ಡಿಗೆ ಮಗಳ ಹೆಸರು ಬಂತು. ಟೆಂಡರು ಹಾಕುವವರು, ಬಿಲ್ಲು ಪಾಸು ಮಾಡಿಸುವವರು ಅಪ್ಪ, ಅಣ್ಣನೇ. ಮಗಳು ಕಾಲೇಜಿನಿಂದ ಬಂದು ಚೆಕ್ಕಿಗೆ ಸಹಿ ಹಾಕುತ್ತಾಳೆ. ಪಂಚಾಯ್ತಿಯಲ್ಲಿ ಅಧ್ಯಕ್ಷೆಯ ಗಂಡ ಕುರ್ಚಿಯಲ್ಲಿ ಕೂರುವುದನ್ನು ನೋಡಿ ನಗುವ ನಾವು ಇದನ್ನು ಜಾಣತನ ಎನ್ನುತ್ತೇವೆ. ಆದರೂ ಇದರಲ್ಲಿ ಒಂದು ಸಣ್ಣ ಲಾಭವಿದೆ. ಹೆಸರಿಗಾದರೂ ಒಳಗೆ ಬಂದವಳು ಒಂದು ದಿನ ಬ್ಯಾಂಕಿನ ಪಾಸ್‌ಬುಕ್ ಓದಬಹುದು.

ವ್ಯಾಪಾರದ ಮನೆಗಳಲ್ಲಿ ನಿಜವಾದ ಆನುವಂಶಿಕ ಆಸ್ತಿ ಅಂಗಡಿಯಲ್ಲ, ಅಂಗಡಿಯ ತಿಳಿವಳಿಕೆ. ಯಾವ ಗಿರಾಕಿಗೆ ಉದ್ರಿ ಕೊಡಬಹುದು, ಯಾರದು ಬರೀ ಬಾಯಿಮಾತು. ಸೂರತ್ತಿನ ಯಾವ ವ್ಯಾಪಾರಿ ಮಾಲು ಬದಲಾಯಿಸುತ್ತಾನೆ. ಭತ್ತವನ್ನು ಅಂಗೈಯಲ್ಲಿ ಉಜ್ಜಿ ತೇವ ಹೇಗೆ ಹೇಳುವುದು. ತೆರಿಗೆ ಅಧಿಕಾರಿಯ ಎದುರು ಎಷ್ಟು ಮಾತು, ಎಷ್ಟು ಮೌನ. ಇದನ್ನು ಯಾವ ಎಂಬಿಎ ಕಾಲೇಜೂ ಕಲಿಸುವುದಿಲ್ಲ. ಇದು ಬೇಸಿಗೆ ರಜೆಯಲ್ಲಿ, ಅಪ್ಪನ ಪಕ್ಕ ಸ್ಟೂಲಿನ ಮೇಲೆ ಕೂತು, ಬೈಸಿಕೊಂಡು ಕಲಿಯುವ ವಿದ್ಯೆ. ಹದಿನೈದರ ಮಗನನ್ನು ‘ಬಾರೋ ಗಲ್ಲಾದ ಮೇಲೆ ಕೂತ್ಕೋ’ ಎಂದು ಕರೆಯುತ್ತಾರೆ. ಹದಿನೈದರ ಮಗಳು ಬಂದರೆ ‘ನಿನಗ್ಯಾಕಮ್ಮ ಈ ಧೂಳು, ಓದ್ಕೋ ಹೋಗು’ ಎನ್ನುತ್ತಾರೆ, ಪ್ರೀತಿಯಿಂದಲೇ. ಹತ್ತು ವರ್ಷದ ಬಳಿಕ ಮಗನಿಗೆ ಅನುಭವವಿದೆ, ಮಗಳಿಗಿಲ್ಲ ಎಂಬ ತೀರ್ಮಾನ ತಾನಾಗಿಯೇ ಸಿದ್ಧವಾಗಿರುತ್ತದೆ. ಅದು ಸುಳ್ಳೂ ಅಲ್ಲ. ಆ ಹತ್ತು ವರ್ಷವನ್ನು ಕೊಡದವರು ಯಾರು ಎಂಬ ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ.

ಮದುವೆಯಾಗಿ ಹೋಗುವವಳಿಗೆ ಕಲಿಸಿ ಏನು, ನಮ್ಮ ಗುಟ್ಟು ಬೀಗರ ಮನೆಗೆ ಹೋಗುತ್ತದೆ ಎಂಬ ವಾದ ಹಳೆಯದು. ಆದರೆ ಅದೇ ಮನೆ, ಹೊರಗಿನಿಂದ ಬಂದ ಸೊಸೆಯನ್ನು ವರ್ಷದೊಳಗೆ ಕೌಂಟರಿನಲ್ಲಿ ಕೂರಿಸುತ್ತದೆ. ಗಂಡ ಸತ್ತ ಹೆಂಡತಿ ಬಂದು ನಿಂತರೆ ಗೌರವದಿಂದ ದಾರಿ ಬಿಡುತ್ತದೆ, ವಿ.ಜಿ. ಸಿದ್ಧಾರ್ಥ ಅವರ ಸಾವಿನ ಬಳಿಕ 2020ರ ಡಿಸೆಂಬರ್‌ನಲ್ಲಿ ಸಾಲದಲ್ಲಿ ಮುಳುಗಿದ್ದ ಕಾಫಿ ಡೇಯನ್ನು ಮಾಳವಿಕಾ ಹೆಗ್ಡೆ ವಹಿಸಿಕೊಂಡಾಗ ನಾಡು ಮೆಚ್ಚಿ ನೋಡಿತು. ಅಂದರೆ ಹೆಂಗಸಿಗೆ ವ್ಯಾಪಾರ ಬಾರದು ಎಂಬುದು ಯಾರ ನಂಬಿಕೆಯೂ ಅಲ್ಲ. ಆಕೆ ಯಾವ ಮನೆಯವಳು ಎಂಬುದೇ ಗಂಟು. ಮದುವೆಯಾದ ಮಗಳನ್ನು ನಮ್ಮವಳು ಎಂದು ಲೆಕ್ಕ ಹಿಡಿಯಲು ಕಾನೂನು 2005ರಲ್ಲಿ ಒಪ್ಪಿತು, ಮನೆಗಳು ಇನ್ನೂ ಒಪ್ಪಿಲ್ಲ. ಮಗಳು ಅದೇ ಊರಿನಲ್ಲಿ, ನಾಲ್ಕು ಬೀದಿ ಆಚೆ ಇದ್ದರೂ ಅಷ್ಟೆ.

ಎಲ್ಲ ಹೆಣ್ಣುಮಕ್ಕಳಿಗೂ ಅಪ್ಪನ ವ್ಯಾಪಾರ ಬೇಕು ಎಂದೇನೂ ಇಲ್ಲ. ಬಿಸ್ಲೇರಿಯ ರಮೇಶ್ ಚೌಹಾಣ್, ಮಗಳಿಗೆ ಆಸಕ್ತಿಯಿಲ್ಲ ಎಂದು 2022ರಲ್ಲಿ ಟಾಟಾ ಸಂಸ್ಥೆಯ ಜೊತೆ ಮಾರಾಟದ ಮಾತು ನಡೆಸಿದ್ದರು. 2023ರಲ್ಲಿ ಮಾತುಕತೆ ಮುರಿದುಬಿದ್ದ ಮೇಲೆ ಮಗಳು ಜಯಂತಿಯೇ ಮುಂದೆ ಬಂದರು. ಬೇಡ ಎನ್ನುವ ಸ್ವಾತಂತ್ರ್ಯ ಮಗಳಿಗೆ ಇದೆ. ಅದು ಮಗನಿಗೂ ಇರಬೇಕು. ಸಂಗೀತವೋ ಮೇಷ್ಟರ ಕೆಲಸವೋ ಬೇಕಾಗಿದ್ದ ಎಷ್ಟು ಗಂಡುಮಕ್ಕಳು ‘ಒಬ್ಬನೇ ಮಗ’ ಎಂಬ ಒಂದೇ ಮಾತಿಗೆ ಜೀವಮಾನವಿಡೀ ಸಿಮೆಂಟ್ ಅಂಗಡಿಯಲ್ಲಿ ಕೂತಿಲ್ಲ! ಪಕ್ಕದಲ್ಲೇ ಲೆಕ್ಕದಲ್ಲಿ ಚುರುಕಾದ ಅಕ್ಕ ಇದ್ದಳು. ಇಬ್ಬರಿಗೂ ನಷ್ಟ, ಅಂಗಡಿಗಂತೂ ದೊಡ್ಡ ನಷ್ಟ.

ವ್ಯಾಪಾರದ ಮನೆಯವರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಸಂಸ್ಥೆಯ ಪಾಲುದಾರಿಕೆ ಪತ್ರವನ್ನು ಈ ವಾರ ಬೀರುವಿನಿಂದ ತೆಗೆದು ಓದಿ. ನಿಮ್ಮ ನಂತರ ಸೇರುವವರ ಸಾಲಿನಲ್ಲಿ ಮಗಳ ಹೆಸರು ಇಲ್ಲದಿದ್ದರೆ, ಅವಳನ್ನು ಕೇಳಿ, ಅವಳು ಹೂಂ ಎಂದರೆ ಸೇರಿಸಿ. ಬೇಡ ಎಂದರೆ ಅವಳ ಪಾಲಿನ ಬೆಲೆ ಹೇಗೆ ಕಟ್ಟಬೇಕೆಂಬುದನ್ನು ನೀವಿರುವಾಗಲೇ ಬರೆದಿಡಿ. ಕಲಿಯುವ ಮನಸ್ಸಿದ್ದರೆ ಬರುವ ಬೇಸಿಗೆಯಿಂದಲೇ ಅಂಗಡಿಗೆ ಕರೆದುಕೊಂಡು ಹೋಗಿ. ಹೆಣ್ಣುಮಕ್ಕಳಿಗೂ ಒಂದು ಮಾತು. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಬಿಡುವುದು ನಿಮ್ಮ ಇಷ್ಟ. ಹಾಕುವ ಮೊದಲು ಸಂಸ್ಥೆಯ ಕಳೆದ ಮೂರು ವರ್ಷದ ಲೆಕ್ಕಪತ್ರ ಕೇಳಿ ತೆಗೆದುಕೊಂಡು, ನಿಮಗೆ ನಂಬಿಕೆಯಿರುವ ಲೆಕ್ಕಪರಿಶೋಧಕರಿಗೆ ತೋರಿಸಿ. ಲೆಕ್ಕ ಕೊಡಲು ಒಪ್ಪದಿದ್ದರೆ ಸಹಿ ಹಾಕಬೇಡಿ.